ಪೊರೆಯ ಹುಡುಕಾಟ: ನ್ಯಾಫಿಯಾನ್‌ನಿಂದ ಮಡಕೆಯವರೆಗೆ

ಕೊಳಚೆ ನೀರಿನ ಕಸವನ್ನು ತಿಂದು ಎಲೆಕ್ಟ್ರಾನ್ ಬಿಟ್ಟುಕೊಡುವ ಬ್ಯಾಕ್ಟೀರಿಯಾಗಳಿವೆ. ಆ ಎಲೆಕ್ಟ್ರಾನ್‌ಗಳು ಆನೋಡಿನಿಂದ ತಂತಿ ಹಿಡಿದು ಕ್ಯಾಥೋಡಿಗೆ ಹರಿದರೆ ವಿದ್ಯುತ್ತು; ಇದೇ ಸೂಕ್ಷ್ಮಜೀವಿ ಇಂಧನ ಕೋಶ. ಜೊತೆಗೆ ಹುಟ್ಟಿದ ಪ್ರೋಟಾನ್‌ಗಳು ನೀರಿನೊಳಗೇ ಸಾಗಿ, ಕ್ಯಾಥೋಡಿನಲ್ಲಿ ಆಮ್ಲಜನಕದೊಡನೆ ಕೂಡಿ ನೀರಾಗುತ್ತವೆ. ಆನೋಡ್, ಕ್ಯಾಥೋಡ್‌ಗಳ ನಡುವೆ ನಿಲ್ಲುವುದು ಪೊರೆ. ಅದು ಪ್ರೋಟಾನಿಗೆ ದಾರಿ ಬಿಡಬೇಕು, ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳ ಕಡೆ ನುಸುಳಗೊಡಬಾರದು.

ಸೂಕ್ಷ್ಮಜೀವಿಗಳಿಂದ ವಿದ್ಯುತ್ತು ಬರುತ್ತದೆಂದು ಡರ್‌ಹ್ಯಾಮ್‌ನ ಸಸ್ಯವಿಜ್ಞಾನಿ ಎಂ. ಸಿ. ಪಾಟರ್ ತೋರಿಸಿದ್ದು 1911ರಲ್ಲಿ. ಮಧ್ಯವರ್ತಿ ರಾಸಾಯನಿಕವಿಲ್ಲದೆಯೇ ಕೆಲವು ಬ್ಯಾಕ್ಟೀರಿಯಾಗಳು ಆನೋಡಿಗೆ ಎಲೆಕ್ಟ್ರಾನ್ ಕೊಡಬಲ್ಲವು ಎಂದು 1990ರ ದಶಕದ ಕೊನೆಗೆ ಕೊರಿಯಾದ ಬ್ಯುಂಗ್ ಹಾಂಗ್ ಕಿಮ್ ತಂಡ ತೋರಿಸಿದ ಮೇಲೆ ಈ ಕ್ಷೇತ್ರ ಚುರುಕಾಯಿತು. ಆಗ ಕೈಗೆ ಸಿಕ್ಕ ಪೊರೆ ನ್ಯಾಫಿಯಾನ್. 1960ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ರೂಪಿಸಿದ ಇದು ಹೈಡ್ರೋಜನ್ ಇಂಧನ ಕೋಶಗಳಲ್ಲಿ ಹೆಸರು ಮಾಡಿತ್ತು.

ಆದರೆ ಅಲ್ಲಿಯ ಶುದ್ಧ ವಾತಾವರಣವೇ ಬೇರೆ, ಕೊಳಚೆಯೇ ಬೇರೆ. ಕೊಳಚೆಯ ಪಿಎಚ್ ಸುಮಾರು 7; ಪ್ರೋಟಾನ್‌ಗಳು ತೀರ ವಿರಳ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಅಯಾನುಗಳು ಅವಕ್ಕಿಂತ ಸುಮಾರು ಲಕ್ಷ ಪಟ್ಟು ಹೆಚ್ಚು. ಹೀಗಾಗಿ ಪೊರೆ ದಾಟುವುದು ಹೆಚ್ಚಾಗಿ ಈ ಅಯಾನುಗಳೇ ಎಂದು ನೆದರ್ಲೆಂಡ್ಸ್‌ನ ರೋಜೆಂಡಾಲ್ ತಂಡ 2006ರಲ್ಲಿ ತೋರಿಸಿತು. ಪ್ರೋಟಾನ್‌ಗಳು ಹಿಂದುಳಿದಂತೆ ಆನೋಡ್ ಕಡೆ ಹುಳಿಯಾಗುತ್ತದೆ, ಕ್ಯಾಥೋಡ್ ಕಡೆ ಕ್ಷಾರವೇರುತ್ತದೆ. ಎರಡೂ ಕಡೆಯ ಪಿಎಚ್ ಒಂದು ಅಂಕ ದೂರವಾದರೆ ಸುಮಾರು 0.06 ವೋಲ್ಟ್ ನಷ್ಟ. ಬೆಲೆ, ಜೀವಿಪದರ ಕಟ್ಟಿ ಪೊರೆ ಮುಚ್ಚಿಹೋಗುವುದು ಬೇರೆ. ನನ್ನ ಮಟ್ಟಿಗೆ ಇಡೀ ಕ್ಷೇತ್ರದ ಕಣ್ಣು ತೆರೆಸಿದ ಶೋಧ ರೋಜೆಂಡಾಲ್ ತಂಡದ್ದೇ.

ಹಾಗಾದರೆ ಪೊರೆಯೇ ಬೇಡವೇ? ಪೆನ್ ಸ್ಟೇಟ್‌ನ ಹಾಂಗ್ ಲಿಯು, ಬ್ರೂಸ್ ಲೋಗನ್ 2004ರಲ್ಲಿ ಅದನ್ನೇ ಪರೀಕ್ಷಿಸಿದ್ದರು. ಗ್ಲೂಕೋಸ್ ಹಾಕಿದ ಕೋಶದಲ್ಲಿ ಪೊರೆ ತೆಗೆದಾಗ ಶಕ್ತಿ ಚದರ ಮೀಟರಿಗೆ 262ರಿಂದ 494 ಮಿಲಿವ್ಯಾಟ್‌ಗೆ ಏರಿತು. ಆದರೆ ಆಮ್ಲಜನಕ ಒಳನುಗ್ಗಿ, ವಿದ್ಯುತ್ತಾಗಿ ದಕ್ಕಿದ ಎಲೆಕ್ಟ್ರಾನ್‌ಗಳ ಪಾಲು ಶೇಕಡಾ 40–55ರಿಂದ 9–12ಕ್ಕೆ ಕುಸಿಯಿತು. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಆಹಾರ ವಿದ್ಯುತ್ತಾಗದೆ ವ್ಯರ್ಥ! ಮುಂದೆ ಋಣ ಅಯಾನುಗಳನ್ನು ಬಿಡುವ ಪೊರೆಗಳು, ಸಲ್ಫೊನೇಟ್ ಮಾಡಿದ ಪಾಲಿಮರ್‌ಗಳು ಬಂದವು. ಮೊದಲನೆಯದರಲ್ಲಿ ಫಾಸ್ಫೇಟ್, ಬೈಕಾರ್ಬನೇಟ್‌ಗಳೇ ಪ್ರೋಟಾನ್ ಹೊರುವುದು ಜಾಣತನದ ಏರ್ಪಾಡು.

ನನಗೆ ಹೆಚ್ಚು ಭರವಸೆ ಮೂಡಿಸುವುದು ಜೇಡಿಮಣ್ಣು. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರು ನಿಂತು ಅಯಾನುಗಳಿಗೆ ದಾರಿಯಾಗುತ್ತದೆ. ಐಐಟಿ ಖರಗ್‌ಪುರದ ಘಂಗ್ರೇಕರ್ ತಂಡ 2010ರಲ್ಲಿ ಅಕ್ಕಿ ಗಿರಣಿಯ ಹೊಲಸು ನೀರನ್ನು ಮಣ್ಣಿನ ಮಡಕೆಯ ಕೋಶದಲ್ಲಿ ಶುದ್ಧೀಕರಿಸಿತು. ಮುಂದೆ ಮಣ್ಣಿಗೆ ಮಾಂಟ್‌ಮೊರಿಲೊನೈಟ್ ಖನಿಜ ಬೆರೆಸಿ ಅಯಾನು ಸಾಗಣೆ ಸುಧಾರಿಸಿತು. ಬ್ರಿಸ್ಟಲ್‌ನಲ್ಲಿ ಇಯೆರೋಪೌಲೋಸ್ ತಂಡ 2015ರಲ್ಲಿ ಮೂತ್ರದಿಂದಲೇ ಮೂತ್ರಾಲಯದ ದೀಪ ಉರಿಸಿದ್ದು ಸುಟ್ಟ ಮಣ್ಣಿನ ಕೋಶಗಳಿಂದ. ಗೋಡೆ ದಪ್ಪವಾದರೆ ಒಳರೋಧ ಹೆಚ್ಚು, ತೆಳುವಾದರೆ ಆಮ್ಲಜನಕ ಸೋರುತ್ತದೆ. ಆ ಹದ ಹಿಡಿಯುವ ಕೆಲಸ ಇನ್ನೂ ನಡೆದಿದೆ.

ಹೊಸ ಪೊರೆಯ ವರದಿ ಓದುವಾಗ ಎಷ್ಟು ಮಿಲಿವ್ಯಾಟ್ ಬಂತು ಎಂದಷ್ಟೇ ನೋಡಬೇಡಿ. ನಿಜವಾದ ಕೊಳಚೆಯಲ್ಲಿ ಅದು ಎಷ್ಟು ತಿಂಗಳು ಬಾಳಿತು ಎಂದೂ ಕೇಳಿ.