ಚಕ್ಕರ್ ಎಲ್ಲಿಗೆ ಹೊಡೆದೆ?

‘ಮಗಾ, ನಾಳೆ ಮಾಸ್ ಬಂಕು, ಯಾರೂ ಹೋಗಂಗಿಲ್ಲ.’ ಮೊನ್ನೆ ಸಿಟಿ ಬಸ್ಸಿನಲ್ಲಿ ಪಿಯುಸಿ ಹುಡುಗನೊಬ್ಬ ಗೆಳೆಯನಿಗೆ ತಾಕೀತು ಮಾಡುತ್ತಿದ್ದ. ತರಗತಿ ತಪ್ಪಿಸುವ ಚಾಳಿ ಹೊಸದೇನಲ್ಲ. ನನ್ನ ತಕರಾರು ಆ ‘ಬಂಕಿ’ನ ಮೇಲೆ. ನಮಗೆ ‘ಚಕ್ಕರ್’ ಇರುವಾಗ ಅದೇಕೆ ಬೇಕಾಯಿತು?

ಚಕ್ಕರ್ ಹಿಂದಿಯಿಂದ ಬಂತೋ ಮರಾಠಿಯಿಂದಲೋ, ನಿಘಂಟು ನೋಡಿಕೊಳ್ಳಲಿ. ಸುತ್ತು ಎಂಬ ಮಾತು ಗೈರುಹಾಜರಿಗೆ ಹೇಗೆ ಅಂಟಿತು ಎನ್ನುವುದಕ್ಕೆ ನನ್ನದೇ ಒಂದು ವಾದವಿದೆ. ಚೀಲ ಹೆಗಲಿಗೇರಿಸಿ ಹೊರಟ ಹುಡುಗ ಶಾಲೆಗೂ ಹೋಗುವಂತಿಲ್ಲ, ಹೊತ್ತಿಗೆ ಮುಂಚೆ ಮನೆಗೂ ಬರುವಂತಿಲ್ಲ. ಕೆರೆ ಏರಿ, ಮಾವಿನ ತೋಪು, ಸಂತೆ ಮಾಳ ಸುತ್ತಿ, ಉಳಿದ ಮಕ್ಕಳ ಜೊತೆಗೇ ಮನೆ ಸೇರಬೇಕು. ಹೊರಟಲ್ಲಿಗೇ ಬಂದು ಮುಟ್ಟಿದರಷ್ಟೇ ಅದು ಚಕ್ಕರ್. ಬಂಕಿಗೆ ಈ ದಾರಿಯೇ ಇಲ್ಲ. ಕ್ಯಾಂಟೀನಿನಲ್ಲಿ ಮೊಬೈಲ್ ಹಿಡಿದು ಕೂತರೂ ಬಂಕೇ.

ನನ್ನ ವಾದಕ್ಕೆ ಗಾದೆಯೇ ಸಾಕ್ಷಿ: ‘ಪಾಠಕ್ಕೆ ಚಕ್ಕರ್, ಊಟಕ್ಕೆ ಹಾಜರ್.’ ಸುತ್ತು ಎಲ್ಲಿ ಮುಗಿಯುತ್ತದೆಂದು ಗಾದೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು: ತಟ್ಟೆಯ ಮುಂದೆ. ಶಾಲೆಯ ದಫ್ತರದ ‘ಹಾಜರ್’ ಪದವನ್ನು ಎತ್ತಿ ಅಡುಗೆಮನೆಯಲ್ಲಿ ಕೂರಿಸಿದ ಜಾಣ್ಮೆ ನೋಡಿ. ಸೋಮಾರಿಯನ್ನು ಬೈಯಲೆಂದೇ ಎಲ್ಲರೂ ಈ ಗಾದೆಯನ್ನು ಬಳಸುತ್ತಾರೆ. ನನಗೆ ಅದರಲ್ಲಿ ಬೈಗುಳಕ್ಕಿಂತ ಹೆಚ್ಚಾಗಿ ಹಸಿವು ಕೇಳಿಸುತ್ತದೆ. ಖಾಲಿ ಹೊಟ್ಟೆಯ ಮಗು ಊಟವಿದ್ದ ಕಡೆ ಹಾಜರಾಗುತ್ತದೆ, ಅದರಲ್ಲಿ ತಪ್ಪೇನು?

ಸರ್ಕಾರಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿತು. ನಮ್ಮಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಅನ್ನ-ಸಾಂಬಾರು ಶಾಲೆಗೇ ಬಂದಾಗ ಗಾದೆಯ ಎರಡು ತುದಿಗಳೂ ಒಂದೇ ಕಟ್ಟಡದೊಳಗೆ ಸೇರಿದವು. ಊಟಕ್ಕೆ ಹಾಜರಾದವನು ಪಾಠಕ್ಕೂ ಸಿಕ್ಕ. ಗಾದೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಯೋಜನೆ ನನಗೆ ಬೇರೊಂದು ಕಾಣದು.

ಹುಡುಗಿ ‘ಚಕ್ಕರ್ ಹೊಡೆದಳು’ ಎಂಬ ಮಾತು ಊರುಗಳಲ್ಲಿ ಕೇಳುವುದೇ ಅಪರೂಪ. ಕೂಸು ಎತ್ತಿಕೊಳ್ಳಲು, ಸುಗ್ಗಿಯ ಕೆಲಸಕ್ಕೆ ಅವಳನ್ನು ಶಾಲೆ ‘ಬಿಡಿಸಿದರು’ ಎನ್ನುತ್ತಾರೆ. ತಪ್ಪಿಸಿಕೊಂಡು ಸುತ್ತುವ ಸುಖವೂ ಗಂಡುಮಕ್ಕಳ ಪಾಲಿಗೇ ಹೋಯಿತು.

ಕಾಲೇಜಿನದು ಇನ್ನೊಂದು ಕತೆ. ಅಲ್ಲಿ ಶೇ 75 ಹಾಜರಾತಿಯ ಲೆಕ್ಕ. ಮೇಷ್ಟ್ರು ಓದಿ ಹೇಳುವ ನೋಟ್ಸು ಜೆರಾಕ್ಸ್ ಅಂಗಡಿಯಲ್ಲೇ ಸಿಗುವಾಗ ಹುಡುಗರು ಬೆಂಚಿನಲ್ಲಿ ಕೂತು ಹಾಜರಿ ಕೊಡುತ್ತಾರೆ, ಮನಸ್ಸು ಮಾತ್ರ ಚಕ್ಕರ್ ಹೊಡೆಯುತ್ತದೆ. ಅದನ್ನು ಹಿಡಿಯುವ ಯಂತ್ರ ಇನ್ನೂ ಬಂದಿಲ್ಲ, ಬರುವುದೂ ಬೇಡ. ಪಾಠ ಚೆನ್ನಾಗಿದ್ದರೆ ಸಾಕು.

ಬಂಕ್ ಎಂದಾಗ ನಾವು ದಂಡ ಎಷ್ಟೆಂದು ಕೇಳುತ್ತೇವೆ. ಚಕ್ಕರ್ ಎಂದರೆ ‘ಎಲ್ಲಿಗೆ ಹೊಡೆದೆ?’ ಎಂದು ಕೇಳಲೇಬೇಕಾಗುತ್ತದೆ. ಹಾಜರಿ ಕೂಗುವ ಮೇಷ್ಟ್ರು, ಮಿಸ್ಸುಗಳಿಗೆ ನನ್ನದೊಂದು ಕೋರಿಕೆ: ಗೈರುಹಾಜರಿ ಗುರುತು ಹಾಕುವುದಷ್ಟೇ ಅಲ್ಲ, ಮರುದಿನ ಆ ಪ್ರಶ್ನೆ ಕೇಳಿ, ಉತ್ತರವನ್ನು ಗುರುತಿನ ಪಕ್ಕದಲ್ಲೇ ಬರೆದಿಡಿ. ಒಂದು ವರ್ಷದ ಉತ್ತರ ಕೂಡಿಸಿ ಓದಿದರೆ ಶಾಲೆಯಲ್ಲಿ ಏನು ಕಡಿಮೆಯಾಗಿದೆ ಎಂಬುದು ಮಕ್ಕಳ ಬಾಯಿಂದಲೇ ತಿಳಿಯುತ್ತದೆ.