ಶ್ರೀರಂಗಪಟ್ಟಣವನ್ನು ಬಳಸಿ ಹೋದ ಹೆದ್ದಾರಿ

ಬೆಂಗಳೂರಿನಿಂದ ಹೊರಟು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮೇಲೆ ಮೈಸೂರು ಸೇರಿ, ಮುಂದೆ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿಗಳನ್ನು ದಾಟಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಮಾಣಿಯ ಮಾರ್ಗವಾಗಿ ಬಂಟ್ವಾಳ ಮುಟ್ಟುವ ರಸ್ತೆಗೆ ಇಂದು ರಾಷ್ಟ್ರೀಯ ಹೆದ್ದಾರಿ 275 ಎಂದು ಹೆಸರು. ಮೊದಲು ಮೈಸೂರಿನವರೆಗಿನ ಭಾಗ ರಾಜ್ಯ ಹೆದ್ದಾರಿ 17, ಅಲ್ಲಿಂದ ಮುಂದಿನದು ರಾಜ್ಯ ಹೆದ್ದಾರಿ 88 ಆಗಿತ್ತು. ಕಬ್ಬು, ಭತ್ತ, ತಂಬಾಕು, ಕಾಫಿ, ಅಡಿಕೆ ಹೀಗೆ ಬೆಳೆ ಬದಲಾಗುತ್ತಾ ಹೋಗುವ ಈ ದಾರಿಯ ಚರಿತ್ರೆಯಲ್ಲಿ ಶ್ರೀರಂಗಪಟ್ಟಣದ ಪಾತ್ರವೇ ವಿಚಿತ್ರ. ಒಂದು ಕಾಲಕ್ಕೆ ದಾರಿಗಳೆಲ್ಲ ಬಂದು ಮುಗಿಯುತ್ತಿದ್ದ ಊರು, ಬಳಿಕ ದಾರಿಯ ನಡುವಿನ ತಂಗುದಾಣವಾಯಿತು. ಈಗ ದಾರಿ ಊರನ್ನೇ ಬಳಸಿಕೊಂಡು ಹೋಗುತ್ತಿದೆ.

ದ್ವೀಪದ ಪೂರ್ವ ಭಾಗದಲ್ಲಿರುವ ಗಂಜಾಂ ಇಂದು ನಿಮಿಷಾಂಬಾ ದೇವಸ್ಥಾನಕ್ಕೆ, ಗುಂಬಜಿಗೆ, ಅಂಜೂರಕ್ಕೆ ಹೆಸರಾದ ಊರು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಕೋಟೆಯ ಹೊರಗಿನ ದೊಡ್ಡ ಪೇಟೆ. ‘ಶಹರ್ ಗಂಜಾಂ’ ಎಂಬ ಈ ಪೇಟೆಯನ್ನು ತುಂಬಿಸಲು ಶಿರಾದಿಂದ 12 ಸಾವಿರ ಕುಟುಂಬಗಳನ್ನು ತರಿಸಲಾಯಿತೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ರಾಜಧಾನಿಯೆಂದರೆ ದಾರಿಗಳ ಕೊನೆ. ಸರಕು, ಸೈನ್ಯ, ಕುಶಲಕರ್ಮಿಗಳು ಎಲ್ಲರೂ ಅಲ್ಲಿಗೇ ಬರಬೇಕು.

ಹಗೆಗಳೂ ಅಲ್ಲಿಗೇ ಬಂದರು. ಆದರೆ ಇಂದಿನ ಹೆದ್ದಾರಿಯ ಜಾಡಿನಲ್ಲಲ್ಲ. 1791ರಲ್ಲಿ ಕಾರ್ನ್‌ವಾಲೀಸ್ ಬೆಂಗಳೂರಿನಿಂದ ಕನಕಪುರದ ಕಡೆಯ ದಾರಿ ಹಿಡಿದ. 1799ರಲ್ಲಿ ಜನರಲ್ ಹ್ಯಾರಿಸ್ ಮಳವಳ್ಳಿಯಲ್ಲಿ ಕಾದಾಡಿ ಸೋಸಲೆಯ ಬಳಿ ಕಾವೇರಿ ದಾಟಿದ. ಅದೇ ವರ್ಷ ಮುಂಬಯಿಯ ಸೇನೆ ಕೊಡಗಿನ ಮೂಲಕ ಪಿರಿಯಾಪಟ್ಟಣದ ಸೀಮೆಗೆ ಇಳಿಯಿತು.

1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಸರ ಗಾದಿ ಮೈಸೂರಿಗೆ ಹೋಯಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಕೊಟ್ಟ ಲೆಕ್ಕ ಸುಮಾರು 32 ಸಾವಿರ ಮಾತ್ರ. 1809ರಲ್ಲಿ ಇಂಗ್ಲಿಷರು ತಮ್ಮ ಪಡೆಯನ್ನೂ ಬೆಂಗಳೂರಿನ ದಂಡಿಗೆ ಸಾಗಿಸಿದರು. ದ್ವೀಪದ ಮಲೇರಿಯಾ ಅವರನ್ನು ಹಣ್ಣುಮಾಡಿತ್ತು. ಅರಮನೆ ಒಂದು ತುದಿಯಲ್ಲಿ, ದಂಡು ಇನ್ನೊಂದು ತುದಿಯಲ್ಲಿ ನೆಲೆಗೊಂಡದ್ದೇ ಬೆಂಗಳೂರು-ಮೈಸೂರು ರಸ್ತೆಯ ಮಹತ್ವ ಬೆಳೆಯಲು ಕಾರಣ. ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಟ್ಟಿಸಿದ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆ ಆ ಕಾಲದ ಕುರುಹು. ಕಲ್ಲಿನ ಕಂಬ, ಕಲ್ಲಿನ ತೊಲೆಗಳ ಈ ಸೇತುವೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರು ಹೊತ್ತು ಇಂದಿಗೂ ನಿಂತಿದೆ.

1831ರಲ್ಲಿ ಆಡಳಿತ ಕಮಿಷನರುಗಳ ಕೈಗೆ ಹೋದ ಮೇಲೆ ರಸ್ತೆಗಳಿಗೆ ಹೊಸ ಮಹತ್ವ ಬಂತು. ಮಾರ್ಕ್ ಕಬ್ಬನ್ ಅಧಿಕಾರಾವಧಿಯಲ್ಲಿ ಸಂಸ್ಥಾನದಾದ್ಯಂತ ಸುಮಾರು 1,600 ಮೈಲಿ ರಸ್ತೆ ಆಯಿತು. ಮದ್ದೂರಿನಲ್ಲಿ ಶಿಂಷೆಗೆ ಏಳು ಕಮಾನಿನ ಇಟ್ಟಿಗೆ ಸೇತುವೆ ಕಟ್ಟಿದ್ದು 1850ರಲ್ಲಿ. 1882ರಲ್ಲಿ ಬೆಂಗಳೂರು-ಮೈಸೂರು ರೈಲು ಶ್ರೀರಂಗಪಟ್ಟಣದ ಕೋಟೆಯೊಳಗೇ ಹಾದುಹೋಯಿತು.

ಹೆದ್ದಾರಿಯ ಪಶ್ಚಿಮ ಭಾಗದ ಕಥೆ ಬೇರೆ. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. ಮೂರೇ ವರ್ಷದಲ್ಲಿ, 1837ರ ಏಪ್ರಿಲ್‌ನಲ್ಲಿ, ಸುಳ್ಯ ಸೀಮೆಯ ರೈತರು ದಂಗೆಯೆದ್ದು ಪುತ್ತೂರು, ಬಂಟ್ವಾಳಗಳ ಮೂಲಕ ಮಂಗಳೂರಿಗೆ ನಡೆದರು. ಅಮರ ಸುಳ್ಯ ದಂಗೆ ಎಂದು ಹೆಸರಾದ ಆ ನಡಿಗೆಯ ಸೀಮೆಯಲ್ಲೇ ಇಂದಿನ ಹೆದ್ದಾರಿ ಸಾಗುತ್ತದೆ. ಈ ಭಾಗದಲ್ಲಿ ರಸ್ತೆಗೆ ಮಳೆಯೇ ಯಜಮಾನ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ಸಂಚಾರ ಕಡಿದುಹೋಗಿತ್ತು.

ಪೂರ್ವದಲ್ಲಿ ಮಾತ್ರ ವೇಗದ್ದೇ ಮಾತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್ ದಶಪಥಕ್ಕೆ ಆದ ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ಮೂರು ಗಂಟೆಯ ಪಯಣ ಒಂದೂವರೆ ಗಂಟೆಗೆ ಇಳಿಯಿತೆಂಬ ಹಿಗ್ಗಿನ ಹಿಂದೆ ಐದು ಬೈಪಾಸುಗಳಿವೆ: ಬಿಡದಿ, ರಾಮನಗರ-ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಇವೆಲ್ಲ ದಾರಿಹೋಕರಿಂದಲೇ ಹೆಸರು ಗಳಿಸಿದವು. ದಾರಿಹೋಕರು ಊರ ಹೊರಗೆ ಸರಿದಾಗ ಹಳೆಯ ರಸ್ತೆಯ ಅಂಗಡಿ, ಹೋಟೆಲುಗಳ ಗಲ್ಲಾ ಸೊರಗಿತು.

ಆರಂಭದ ತಿಂಗಳುಗಳ ಸಾಲು ಸಾಲು ಅಪಘಾತಗಳ ಬಳಿಕ, 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶ ನಿಷೇಧಿಸಲಾಯಿತು. ಜೀವ ಉಳಿಸಲು ಅದು ಬೇಕಿತ್ತು, ನಿಜ. ಆದರೆ ಮಂಡ್ಯ ಜಿಲ್ಲೆಯ ರೈತ ಕಬ್ಬು ಸಾಗಿಸುವುದು ಟ್ರ್ಯಾಕ್ಟರಿನಲ್ಲಿ, ಸಂತೆಗೆ ಹೋಗುವುದು ಬೈಕಿನಲ್ಲಿ. ಅವನ ಪಾಲಿಗೆ ಉಳಿದದ್ದು ಸರ್ವೀಸ್ ರಸ್ತೆ ಮತ್ತು ಊರೊಳಗಿನ ಹಳೆಯ ರಸ್ತೆ.

ಹೊಸ ಪಥದ ಮೇಲೆ ಎಲ್ಲರ ಕಣ್ಣಿರುವಾಗ ಹಳೆಯದನ್ನು ಕೇಳುವವರಿಲ್ಲದಂತೆ ಆಗಬಾರದು. ಗಂಜಾಮಿನ ಅಂಜೂರದ ಬುಟ್ಟಿ ಮೈಸೂರಿನ ಮಾರುಕಟ್ಟೆಗೆ ಹೋಗಲು, ಹಳ್ಳಿಯ ಮಕ್ಕಳು ಬಸ್ಸು ಹಿಡಿದು ಶಾಲೆ ಕಾಲೇಜು ಸೇರಲು ಬೇಕಾದದ್ದು ಈ ಹಳೆಯ ರಸ್ತೆಯೇ. ಅದರ ಗುಂಡಿ ಮುಚ್ಚುವುದು, ದೀಪ ಹಾಕುವುದು, ಬಸ್ಸುಗಳನ್ನು ಊರೊಳಗೆ ನಿಲ್ಲಿಸುವುದು ದಶಪಥದಷ್ಟು ದುಬಾರಿಯ ಕೆಲಸವೇನಲ್ಲ.