ಮಾಡ್‌ಗಳ ನೆಲೆ: ಅಭಿಮಾನಿ ತಾಣದಿಂದ ವರ್ಕ್‌ಶಾಪ್‌ವರೆಗೆ

ವಿಡಿಯೋ ಗೇಮ್‌ನ ಕಡತಗಳಲ್ಲಿ ಆಟಗಾರರೇ ಮಾಡುವ ಮಾರ್ಪಾಡುಗಳಿಗೆ ‘ಮಾಡ್’ ಎಂಬ ಹೆಸರಿದೆ. 1993ರ ‘ಡೂಮ್’ ಆಟವು ನಕ್ಷೆ, ಚಿತ್ರ, ಧ್ವನಿಗಳನ್ನು ಪ್ರತ್ಯೇಕ ಕಡತದಲ್ಲಿ ಇರಿಸಿದ್ದರಿಂದ ಈ ಹವ್ಯಾಸ ಬೇಗನೆ ಹಬ್ಬಿತು. ಆದರೆ ಮಾಡ್‌ಗಳನ್ನು ಸಂಗ್ರಹಿಸಿ ಹಂಚುವ ಹೊಣೆಯನ್ನು ಬಹುಕಾಲ ಹೊತ್ತವರು ಅಭಿಮಾನಿಗಳೇ. 2002ರಲ್ಲಿ ಬೆಥೆಸ್ಡಾ ಸಂಸ್ಥೆಯು ‘ಮಾರೋವಿಂಡ್’ ಜೊತೆಗೆ ಆಟವನ್ನು ತಿದ್ದುವ ಸಾಧನವನ್ನೂ ಕೊಟ್ಟಿತು. ಆ ಆಟಕ್ಕಾಗಿ ಬ್ರಿಟನ್ನಿನ ರಾಬಿನ್ ಸ್ಕಾಟ್ ಕಟ್ಟಿದ ಅಭಿಮಾನಿ ತಾಣವೇ ಬೆಳೆದು ‘ನೆಕ್ಸಸ್ ಮಾಡ್ಸ್’ ಆಯಿತು.

ವಾಲ್ವ್ ಕಂಪನಿಯು ತನ್ನ ಆಟದಂಗಡಿ ಸ್ಟೀಮ್‌ನೊಳಗೆ 2011ರಲ್ಲಿ ‘ವರ್ಕ್‌ಶಾಪ್’ ತೆರೆದು, 2012ರ ಫೆಬ್ರವರಿಯಲ್ಲಿ ‘ಸ್ಕೈರಿಮ್’ ಆಟವನ್ನೂ ಅದಕ್ಕೆ ಸೇರಿಸಿದಾಗ, ಒಂದು ಗುಂಡಿ ಒತ್ತಿದರೆ ಮಾಡ್ ತಾನಾಗಿ ಇಳಿದು, ತಾನಾಗಿ ನವೀಕರಣಗೊಳ್ಳುವ ಅನುಕೂಲ ಒದಗಿತು. ಈ ಅನುಕೂಲವೇ ತೊಡಕೂ ಆಯಿತು, ಏಕೆಂದರೆ ಕರ್ತೃ ಬದಲಿಸಿದ ಆವೃತ್ತಿಯು ಆಟಗಾರನನ್ನು ಕೇಳದೆಯೇ ಬಂದು, ನೂರಾರು ಗಂಟೆ ಆಡಿ ಉಳಿಸಿಟ್ಟ ಆಟವನ್ನು ಕೆಡಿಸಬಹುದಿತ್ತು. ನೆಕ್ಸಸ್‌ನಲ್ಲಾದರೋ ಆವೃತ್ತಿಯ ಆಯ್ಕೆ ಆಟಗಾರನದೇ. ಕಲಿಕೆ ಹೆಚ್ಚು ಬೇಕಾದರೂ ಮಾಡ್‌ಗಳು ಪರಸ್ಪರ ಹೇಗೆ ತಾಕಲಾಡುತ್ತವೆ ಎಂಬ ಅರಿವು ಅಲ್ಲಿಯೇ ಬಲಿಯಿತೆನ್ನಬೇಕು.

ಒಡೆತನದ ಪ್ರಶ್ನೆ ತೀವ್ರವಾದದ್ದು 2015ರ ಏಪ್ರಿಲ್‌ನಲ್ಲಿ. ಸ್ಕೈರಿಮ್ ಮಾಡ್‌ಗಳನ್ನು ವರ್ಕ್‌ಶಾಪ್‌ನಲ್ಲಿ ಮಾರಲು ಅವಕಾಶ ನೀಡಿ, ಬೆಲೆಯ ಶೇಕಡಾ 25ನ್ನು ಮಾತ್ರ ಕರ್ತೃವಿಗೆ ಬಿಟ್ಟ ಯೋಜನೆಯು, ಉಚಿತ ಹಂಚಿಕೆಯನ್ನೇ ನಂಬಿದ್ದ ಸಮುದಾಯದ ತೀವ್ರ ಪ್ರತಿಭಟನೆಯಿಂದಾಗಿ ಕೆಲವೇ ದಿನಗಳಲ್ಲಿ ರದ್ದಾಯಿತು. ಮರುವರ್ಷ ಬೆಥೆಸ್ಡಾ ತನ್ನದೇ ವೇದಿಕೆಯ ಮೂಲಕ ಕನ್ಸೋಲ್‌ಗಳಿಗೂ, ಎಂದರೆ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಗಳಿಗೂ, ಮಾಡ್‌ಗಳನ್ನು ತಲುಪಿಸಿತು. ಆದರೆ ಪ್ಲೇಸ್ಟೇಷನ್ 4ರಲ್ಲಿ ಹೊರಗಿನ ಚಿತ್ರ, ಧ್ವನಿಗಳಿಗೆ ಪ್ರವೇಶವಿರಲಿಲ್ಲ.